ರೂಲ್ಸ್ ಬದಲಾದರೆ ಏನ್ ಮಾಡ್ತೀರಿ ಅಂತ ಕೇಳುವವರಿಗೆ

ನಾನು ಬಳ್ಳಾರಿಯಲ್ಲಿ ವೀಸಾ ಸಲಹೆಗಾರ. ಮದುವೆ ಊಟದ ಪಂಕ್ತಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. "ಅಲ್ರೀ, ಅಮೆರಿಕಾದೋರು, ಕೆನಡಾದೋರು ದಿನಕ್ಕೊಂದು ರೂಲ್ಸ್ ಮಾಡ್ತಾರಲ್ಲ, ನೀವು ಹೆಂಗ್ ಸೆಟ್ಟಿಂಗ್ ಮಾಡ್ತೀರಿ?" ಕೇಳಿ ಒಂದು ಕಣ್ಣು ಹೊಡೆಯುತ್ತಾರೆ. ಆ ಕಣ್ಣು ಹೊಡೆಯೋದನ್ನ ಸಹಿಸೋಕೆ ಆಗಲ್ಲ ನನಗೆ.

ಸೆಟ್ಟಿಂಗ್ ಇಲ್ಲ ಸ್ವಾಮಿ. ಒಟ್ಟಾವಾದಲ್ಲಿ ನಮ್ಮ ಸೋದರಮಾವ ಕೂತಿಲ್ಲ. ಪೂರ್ತಿ ಕೇಳುವವರ ತಪ್ಪೂ ಅಲ್ಲ ಬಿಡಿ. ಮೈನಿಂಗ್ ಜೋರಾಗಿದ್ದ ಕಾಲವನ್ನು ಕಣ್ಣಾರೆ ಕಂಡ ಊರು ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ದುಡ್ಡು ಕೊಟ್ಟರೆ ಯಾವ ಪರ್ಮಿಟ್ಟಾದರೂ ಸಿಗುತ್ತೆ ಅನ್ನೋ ನಂಬಿಕೆಯನ್ನು ನಿಲ್ಲಿಸೋಕೆ ಅದಕ್ಕೂ ಆಗಲಿಲ್ಲ.

ನಾನು ಮಾಡೋದು ಇಷ್ಟೇ. ಹೊಸ ರೂಲ್ಸ್ ಬಂದಾಗ ಅದು ಯಾವತ್ತಿನಿಂದ, ಯಾರಿಗೆ ಅಂತ ಓದುತ್ತೇನೆ. ಸಪ್ಪೆ ಕೆಲಸ. ಆದರೆ 2025ರ ಸೆಪ್ಟೆಂಬರ್ 20ನೇ ತಾರೀಕು ಸಪ್ಪೆ ಇರಲಿಲ್ಲ.

ಶನಿವಾರ. ಮಾರನೇ ದಿನ ಮಹಾಲಯ ಅಮಾವಾಸ್ಯೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮೊದಲೇ ಗಾಂಧಿನಗರದ ಒಬ್ಬರು ಮಗನನ್ನು ಕರೆದುಕೊಂಡು ಬಂದು ನಿಂತಿದ್ದರು. ಹುಡುಗ ಹಬ್ಬಕ್ಕೆ ಅಂತ ಅಮೆರಿಕಾದಿಂದ ಬಂದವನು. ಎಚ್-1ಬಿ, ಅಂದರೆ ಅಲ್ಲಿಯ ಕಂಪನಿ ಕೆಲಸಕ್ಕೆ ಕರೆಸಿಕೊಳ್ಳೋ ವೀಸಾ. ರಾತ್ರೋರಾತ್ರಿ ಟ್ರಂಪ್ ಸಹಿ ಹಾಕಿದ್ದರು: ಎಚ್-1ಬಿಗೆ ಒಂದು ಲಕ್ಷ ಡಾಲರ್ ಫೀಸ್. ಅವತ್ತಿನ ರೇಟಿಗೆ ಸುಮಾರು 88 ಲಕ್ಷ ರೂಪಾಯಿ. ಭಾನುವಾರ ಅಲ್ಲಿಯ ಮಧ್ಯರಾತ್ರಿ 12 ಗಂಟೆ 1 ನಿಮಿಷದಿಂದ ಜಾರಿ. "ಕೂಡಲೇ ವಾಪಸ್ ಬಾ" ಅಂತ ಕಂಪನಿಯಿಂದ ಮೇಲ್ ಬಂದಿತ್ತು. ಅಪ್ಪ ಕಾರಿನ ಎಂಜಿನ್ನೂ ಆಫ್ ಮಾಡಿರಲಿಲ್ಲ.

ಒಂದು ಹಳೇ ರಸೀದಿಯ ಹಿಂದೆ ಲೆಕ್ಕ ಹಾಕಿದೆ. ಅಲ್ಲಿಯ 12 ಗಂಟೆ 1 ನಿಮಿಷ ಅಂದರೆ ನಮಗೆ ಭಾನುವಾರ ಬೆಳಗ್ಗೆ 9 ಗಂಟೆ 31 ನಿಮಿಷ. ಕೈಯಲ್ಲಿರೋದು ಹೆಚ್ಚೆಂದರೆ ಇಪ್ಪತ್ತೈದು ಗಂಟೆ. ಬೆಂಗಳೂರು ಏರ್‌ಪೋರ್ಟಿಗೇ ಐದಾರು ಗಂಟೆ ಬೇಕು. ಮೂರು ಗಂಟೆ ಮುಂಚೆ ಅಲ್ಲಿರಬೇಕು. ನಡುವೆ ಒಂದು ಕಡೆ ಇಳಿದು ಹತ್ತಿ ಹೋದರೆ ಪ್ರಯಾಣವೇ ಇಪ್ಪತ್ತು ಗಂಟೆ ದಾಟುತ್ತೆ. ಅಂದರೆ ಈಗಲೇ ಹೊರಟರೂ ಮುಟ್ಟಲ್ಲ. "ಕಾರ್ ಆಫ್ ಮಾಡ್ರಿ" ಅಂದೆ.

ಆಮೇಲೆ ಹುಡುಗನ ಕಾಗದ ನೋಡಿದೆ. ಪಿಟಿಷನ್, ಅಂದರೆ ಅವನಿಗಾಗಿ ಕಂಪನಿ ಹಾಕಿದ ಅರ್ಜಿ, ಎಂದೋ ಮಂಜೂರಾಗಿದೆ, ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪಿಂಗ್ ಇದೆ. ಈ ಆದೇಶ ಹಳಬರಿಗೂ ಅನ್ವಯಿಸುತ್ತಾ ಅನ್ನೋದು ಅದರಲ್ಲಿ ಸ್ಪಷ್ಟ ಇರಲಿಲ್ಲ. ಕಂಪನಿ ವಕೀಲರಿಗೆ ಬರಿ, ಉತ್ತರ ಬರೋವರೆಗೆ ಟಿಕೆಟ್ ಮುಟ್ಟಬೇಡ ಅಂದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. "ಅಷ್ಟೇನಾ?" ಅಂದರು. ಆ ರಾತ್ರಿ ನಾವು ಮಲಗಿ ಏಳೋದರೊಳಗೆ ಅಮೆರಿಕಾ ವಲಸೆ ಇಲಾಖೆಯಿಂದಲೇ ಸ್ಪಷ್ಟನೆ ಬಂತು: ಇದು ಇನ್ನು ಮುಂದೆ ಹಾಕುವ ಹೊಸ ಪಿಟಿಷನ್‌ಗಳಿಗೆ ಮಾತ್ರ. ಹುಡುಗ ಅಮಾವಾಸ್ಯೆ ಊಟ ಮುಗಿಸಿ, ದಸರಾನೂ ಮಾಡಿಕೊಂಡು ಹೋದ. ಫೀಸ್ ಕೇಳಿದಾಗ ಅಪ್ಪನ ಮಾತು: "ನೀವೇನೂ ಮಾಡಲೇ ಇಲ್ವಲ್ರೀ!"

ಬೇರೆ ದೇಶಗಳ ಕಥೆನೂ ಇದೇ. ವಿದ್ಯಾರ್ಥಿಗಳಿಗೆ ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ಯೋಜನೆಯನ್ನು ಕೆನಡಾ 2024ರ ನವೆಂಬರ್ 8ರ ಮಧ್ಯಾಹ್ನ ಎರಡಕ್ಕೆ ಮುಚ್ಚಿತು. ಅದಕ್ಕಿಂತ ಮುಂಚೆ ಬಂದ ಅರ್ಜಿಗೆ ಹಳೇ ದಾರಿ, ಆಮೇಲಿನದಕ್ಕೆ ಮಾಮೂಲಿ ಕ್ಯೂ. ಬ್ರಿಟನ್‌ನಲ್ಲಿ 2024ರ ಜನವರಿ 1ರಿಂದ ಶುರುವಾದ ಮಾಮೂಲಿ ಮಾಸ್ಟರ್ಸ್ ಕೋರ್ಸಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ, ರಿಸರ್ಚ್ ಆದರೆ ಅಡ್ಡಿಯಿಲ್ಲ. ಎಲ್ಲ ವೆಬ್‌ಸೈಟ್‌ನಲ್ಲೇ ಇದೆ ಅಂತೀರಾ? ಇದೆ. ಓದಿ, ನನಗೂ ಖುಷಿನೇ. ನಿಮ್ಮದು ಆಗಲ್ಲ ಅಂತ ಹೇಳೋದೂ ನನ್ನ ಕೆಲಸವೇ. ಅದಕ್ಕೆ ದುಡ್ಡು ಕೊಟ್ಟವರು ಮಾತ್ರ ಕಡಿಮೆ.

ನಿಜ ಹೇಳಬೇಕಂದ್ರೆ, ಅಮೆರಿಕಾದ ಹುಡುಗನಿಗೆ ನಾನಿಲ್ಲದಿದ್ದರೂ ನಡೀತಿತ್ತು. ಅವನಿಗೆ ಕಂಪನಿ ಇದೆ, ವಕೀಲರಿದ್ದಾರೆ. ಕೌಲ್ ಬಜಾರಿನ ಜೀನ್ಸ್ ಟೈಲರ್‌ಗೆ ಯಾರಿದ್ದಾರೆ? ಅವನು ಗಲ್ಫಿಗೆ ಹೊರಟಿದ್ದಾನೆ. ಹತ್ತನೇ ಕ್ಲಾಸ್ ಪಾಸಾಗಿಲ್ಲ, ಹಾಗಾಗಿ ಅವನ ಪಾಸ್‌ಪೋರ್ಟ್ ಇಸಿಆರ್, ಅಂದರೆ ಕೆಲಸಕ್ಕೆ ಹೊರಡೋ ಮೊದಲು ಸರ್ಕಾರದ ತಪಾಸಣೆ ಬೇಕಾದದ್ದು. ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ಇಂಥ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರ್ಕಾರದ ಕ್ಲಿಯರೆನ್ಸ್ ಬೇಕು. 1983ರ ಕಾಯ್ದೆ ಅದು, ಹೊಸದೇನಲ್ಲ. ಏಜೆಂಟ್ ಅದನ್ನು ತಪ್ಪಿಸೋಕೆ ವಿಸಿಟ್ ವೀಸಾದಲ್ಲಿ ಹತ್ತಿಸ್ತಾನೆ. ಅಲ್ಲಿ ಸಂಬಳ ನಿಂತರೆ ಇವನ ಕೈಯಲ್ಲಿ ಕೆಲಸಕ್ಕೆ ಬಂದವನು ಅನ್ನೋ ಕಾಗದವೇ ಇರಲ್ಲ. ಕ್ಲಿಯರೆನ್ಸ್ ಜೊತೆ ಬರಬೇಕಾದ ಹತ್ತು ಲಕ್ಷದ ಇನ್ಶೂರೆನ್ಸೂ ಇರಲ್ಲ.

"ಈ ಏಜೆಂಟ್ ರಿಜಿಸ್ಟರ್ ಆಗಿದ್ದಾನಾ? ಎಷ್ಟು ದುಡ್ಡು ತಗೋಬಹುದು?" ಅಂತ ಒಬ್ಬರಾದರೂ ಕೇಳಬಾರದಾ? ಸರ್ವಿಸ್ ಚಾರ್ಜ್ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲೇ ನೋಡಬಹುದು. ನಿಮಗೆ ಬರದಿದ್ದರೆ ನಾನೇ ನೋಡಿಕೊಡ್ತೀನಿ, ಸುಮ್ನೆ, ಫೀಸ್ ಇಲ್ಲದೆ. ಸಂಜೆ ಬನ್ನಿ, ದುಡ್ಡು ಕಟ್ಟೋ ಮೊದಲು ಬನ್ನಿ. ಪಾಸ್‌ಪೋರ್ಟ್ ತನ್ನಿ, ಒರಿಜಿನಲ್ಲು. ಅದು ಏಜೆಂಟ್ ಹತ್ರ ಇದ್ದರೆ ಮೊದಲು ವಾಪಸ್ ಇಸ್ಕೊಂಡು ಬನ್ನಿ.