ಉಣ್ಣೆಜ್ವರ: ಮೊದಲು ವಸಡನ್ನು ನೋಡಿ

ನಮ್ಮ ನಾಯಿ ಊಟ ಬಿಟ್ಟು ಮಂಕಾಗಿ ಮಲಗಿದ್ದಾಗ ವೈದ್ಯರು ಮೊದಲು ಅದರ ತುಟಿಯನ್ನೆತ್ತಿ ನೋಡಿದರು. ಬಿಳಿಚಿಕೊಂಡಿದ್ದ ವಸಡಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಉಣ್ಣೆಹುಳದ ಕಡಿತದಿಂದ ಹರಡಿ ಉಣ್ಣೆಜ್ವರ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಬಿಳಿ ರಕ್ತಕಣಗಳೊಳಗೆ ನೆಲೆಸುತ್ತದೆ. ಅದರ ಸೋಂಕಿನಿಂದ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ತೀವ್ರವಾಗಿ ಕುಸಿಯುವುದರಿಂದಲೇ ಹೀಗೆ ಅಲ್ಲಲ್ಲಿ ರಕ್ತ ಜಿನುಗುತ್ತದೆ. ಸೂಕ್ಷ್ಮದರ್ಶಕದಡಿ ರಕ್ತದಲ್ಲಿ ರೋಗಾಣು ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಸಂಶಯ ಉಳಿದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಅಥವಾ ಪ್ರತಿಕಾಯ ಪರೀಕ್ಷೆ ಮಾಡಿಸಲೇಬೇಕು. ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಡುತ್ತಾರೆ. ಕೆಲವೇ ದಿನಗಳಲ್ಲಿ ನಾಯಿ ಬಾಲ ಅಲ್ಲಾಡಿಸತೊಡಗಿತೆಂದು ಮಾತ್ರೆ ನಿಲ್ಲಿಸಿದರೆ, ಅಡಗಿ ಉಳಿದ ಸೋಂಕು ತಿಂಗಳುಗಳ ನಂತರ ಅಸ್ಥಿಮಜ್ಜೆಯನ್ನೇ ಹಾಳುಗೆಡವಬಹುದು. ಮಾತ್ರೆಯನ್ನು ಆಹಾರದೊಂದಿಗೆ ಕೊಡಿ, ಮೇಲೆ ತಪ್ಪದೆ ನೀರು ಕುಡಿಸಿ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳನ್ನು ದಯವಿಟ್ಟು ನೀವಾಗಿಯೇ ನಾಯಿಗೆ ಹಾಕಬೇಡಿ.