ತೀರ್ಪಿನಲ್ಲಿ ‘ಸರ್ಮೈಸ್’ ಬಂದಾಗ

ಕೋರ್ಟ್ ತೀರ್ಪುಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಕ್ರಿಮಿನಲ್ ಅಪೀಲುಗಳಲ್ಲಿ ಒಂದು ಜೋಡಿ ಪದ ಪದೇ ಪದೇ ಸಿಗುತ್ತದೆ: ‘ಸರ್ಮೈಸ್’ ಮತ್ತು ‘ಕಂಜೆಕ್ಚರ್’. ಎರಡಕ್ಕೂ ಹೆಚ್ಚುಕಡಿಮೆ ಊಹೆ ಅಂತಲೇ ಅರ್ಥ. ಇವುಗಳನ್ನೇ ನಂಬಿ ಯಾರಿಗೂ ಶಿಕ್ಷೆ ಕೊಡುವಂತಿಲ್ಲ ಎನ್ನುವ ಕಡೆ ಇವು ಬರುತ್ತವೆ. ಹೊಸಬರು ಎರಡಕ್ಕೂ ಸೇರಿಸಿ ‘ಊಹಾಪೋಹ’ ಅಂತ ಬರೆದು ಮುಂದೆ ಹೋಗುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಿ ಅಂತ ಅವರಿಗೆ ಹೇಳುತ್ತೇನೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಲ್ಲಿ ಫ್ರೆಂಚ್ ಬೇರೂರಿತು. ‘ಸರ್ಮೈಸ್’ ಬಂದದ್ದು ಆ ಫ್ರೆಂಚ್‌ನಿಂದ. ಮೂಲದಲ್ಲಿ ಅದಕ್ಕೆ ‘ಮೇಲೆ ಹಾಕು’ ಅಂತ ಅರ್ಥ, ಅಂದರೆ ಆರೋಪ ಮಾಡು. ನಾವು ‘ತಪ್ಪು ಹೊರಿಸು’ ಅನ್ನುತ್ತೇವಲ್ಲ, ಹಾಗೇ. ಇಂಗ್ಲಿಷ್‌ನಲ್ಲೂ ಮೊದಲು ಆರೋಪವೇ ಆಗಿತ್ತು. ಸಾಕಷ್ಟು ಆಧಾರವಿಲ್ಲದ ಊಹೆ ಎನ್ನುವ ಅರ್ಥ ಆಮೇಲೆ ಬಂತು. ‘ಕಂಜೆಕ್ಚರ್’ ಲ್ಯಾಟಿನ್‌ನದು: ಒಟ್ಟಿಗೆ ಎಸೆ, ಅಂದರೆ ಸಿಕ್ಕ ಚೂರುಗಳನ್ನು ಜೋಡಿಸಿ ನೋಡು.

‘ಊಹಾಪೋಹ’ದ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಪರ-ವಿರೋಧ ಎರಡನ್ನೂ ತೂಗಿ ನೋಡುವ ವಿಚಾರ. ಇವತ್ತಿನ ಪತ್ರಿಕೆ ಓದುವವರಿಗೆ ಅದು ಗಾಳಿಸುದ್ದಿ. ಕೆಳಗಿನ ಕೋರ್ಟು ಗಾಳಿಸುದ್ದಿ ನಂಬಿತು ಅಂತ ಮೇಲಿನ ಕೋರ್ಟು ಹೇಳಿಯೇ ಇರುವುದಿಲ್ಲ! ‘ಅನುಮಾನ’ವೂ ಬೇಡ. ತರ್ಕಶಾಸ್ತ್ರದಲ್ಲಿ ಅದು ಒಂದು ಪ್ರಮಾಣ, ಅಂದರೆ ಸರಿಯಾದ ತಿಳಿವಿಗೆ ಒಂದು ದಾರಿ: ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯುವುದು. ಮನೆಮಾತಿನಲ್ಲಿ ಅದೇ ಪದಕ್ಕೆ ಸಂಶಯ ಅಂತ ಅರ್ಥ. ಹಾಗಾಗಿ ನಾನು ‘ಆಧಾರವಿಲ್ಲದ ಊಹೆ’ ಅಂತಲೇ ಬಿಡಿಸಿ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಇದಕ್ಕಿಂತ ಸೂಕ್ಷ್ಮ ಜಾಗ ಇನ್ನೊಂದಿದೆ. 1973ರ ಶಿವಾಜಿ ಸಾಹೇಬರಾವ್ ಬೋಬಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಮೇ ಬಿ’ ಮತ್ತು ‘ಮಸ್ಟ್ ಬಿ’ ನಡುವಿನ ದೂರ ದೊಡ್ಡದು ಎಂದಿತು. ಅಸ್ಪಷ್ಟ ಊಹೆಯನ್ನೂ ಖಚಿತ ತೀರ್ಮಾನವನ್ನೂ ಬೇರೆ ಮಾಡುವುದೇ ಆ ದೂರ. ಈ ಮಾತನ್ನು ನಂತರದ ತೀರ್ಪುಗಳು ಮತ್ತೆ ಮತ್ತೆ ಎತ್ತಿಕೊಂಡಿವೆ. ‘ಮಸ್ಟ್ ಬಿ’ಗೆ ಸುಮ್ನೆ ‘ಇರಬೇಕು’ ಅಂತ ಹಾಕಿದರೆ ಕೆಲಸ ಕೆಟ್ಟಿತು. ‘ಅವನೇ ಕೊಂದಿರಬೇಕು’ ಅಂದರೆ ಕನ್ನಡದಲ್ಲಿ ಅದೂ ಊಹೆಯೇ, ಅಲ್ವಾ? ‘ಇರಲೇಬೇಕು’ ಅಂದಾಗ ಮಾತ್ರ ಬೇರೆ ದಾರಿಯಿಲ್ಲ ಅನ್ನುವುದು ಓದುವವರಿಗೆ ಮುಟ್ಟುತ್ತದೆ. ಕರಡು ಮುಗಿದ ಮೇಲೆ ಇಂಥ ಕ್ರಿಯಾಪದಗಳ ಕೊನೆಗಳನ್ನಷ್ಟೇ ಇನ್ನೊಮ್ಮೆ ಓದಿ. ಆ ಪ್ರತಿಯನ್ನು ಕಾಯುತ್ತಿರುವವರು ಜೈಲಿನಲ್ಲಿರುವವರ ಮನೆಯವರು. ಅವರ ಕೈಗೆ ಸಿಗುವುದು ನಾವು ಬರೆದ ಕನ್ನಡವೇ.