ಕಿತ್ತ ಜೇಕಿನ ಗಡ್ಡೆ ಎಲ್ಲಿ ಹಾಕೋದು?

ಪುಣೆಯ ಕರಿ ಮಣ್ಣಿನಲ್ಲಿ ತರಕಾರಿ ಮಡಿ ಮಾಡಿದವರಿಗೆ ಎರಡು ಕಳೆಗಳ ಕಾಟ ತಪ್ಪಿದ್ದಲ್ಲ. ಒಂದು ಜೇಕು, ಇಲ್ಲಿನವರ ಬಾಯಲ್ಲಿ ಲವ್ಹಾಳಾ. ಇನ್ನೊಂದು ಕರಕಿ, ಅಂದರೆ ಗರಿಕೆ, ಮರಾಠಿಯಲ್ಲಿ ಹರಾಳಿ. ಬೆವರು ಸುರಿಸಿ ಅಗೆದು ತೆಗೆದದ್ದನ್ನು ಬಹಳ ಮಂದಿ ನೇರ ಗೊಬ್ಬರದ ಡ್ರಮ್ಮಿಗೆ ಹಾಕಿಬಿಡುತ್ತಾರೆ. ಮನೆಯ ಡ್ರಮ್ಮು ಈ ಬೇರು ಸಾಯುವಷ್ಟು ಬಿಸಿಯೇರುವುದಿಲ್ಲ. ಗೊಬ್ಬರದ ಜೊತೆ ಕಳೆಯೂ ವಾಪಸ್ ಮಡಿಗೆ ಬರುತ್ತದೆ.

ಮೊದಲು ಅಗೆತ. ಒಣಗಿದ ಕರಿ ಮಣ್ಣು ಕಲ್ಲು, ನೆನೆದರೆ ಅಂಟು. ಆದ್ದರಿಂದ ನೀರು ಹಾಯಿಸಿ ಎರಡು ಮೂರು ದಿನ ಬಿಟ್ಟು, ಹದಕ್ಕೆ ಬಂದಾಗ ಒಂದು ಗೇಣು ಆಳ ಅಗೆಯಿರಿ. ಹಲ್ಲಿನ ಫೋರ್ಕ್ ಇದ್ದರೆ ಒಳ್ಳೆಯದು. ಸಲಿಕೆ ಬೇರನ್ನು ತುಂಡು ಮಾಡುತ್ತದೆ. ಕರಕಿಯ ಪ್ರತಿ ಗಿಣ್ಣಿನಿಂದಲೂ ಹೊಸ ಗಿಡ. ಜೇಕಿನದು ಇನ್ನೂ ಕಠಿಣ: ಗಡ್ಡೆಗಳು ದಾರಕ್ಕೆ ಪೋಣಿಸಿದ ಮಣಿಯಂತೆ ಸಾಲಾಗಿರುತ್ತವೆ. ಸಾಲು ಇಡೀ ಇದ್ದಾಗ ತುದಿಯ ಗಡ್ಡೆ ಉಳಿದವುಗಳ ಮೊಳಕೆಯನ್ನು ತಡೆದಿರುತ್ತದೆ. ದಾರ ಕಡಿದರೆ ಒಂದೊಂದೂ ತಾನೇ ಚಿಗುರುತ್ತದೆ. ಬರೀ ಮೇಲಿನ ಹುಲ್ಲು ಹಿಡಿದು ಜಗ್ಗಿದರೂ ಆಗುವುದು ಇದೇ. ರೋಟಾವೇಟರ್ ಅಂತೂ ಇಂಥ ಜಾಗದಲ್ಲಿ ಬೇಡವೇ ಬೇಡ.

ಕೆಲಸಕ್ಕೆ ಏಪ್ರಿಲ್, ಮೇ ಸರಿಯಾದ ಕಾಲ. ಬೇರನ್ನು ಕೊಡವಿ, ಮಣ್ಣು ಪೂರ್ತಿ ಉದುರಿಸಿ. ಹೆಂಟೆಯೊಳಗೆ ಉಳಿದ ಗಡ್ಡೆ ಒಣಗುವುದಿಲ್ಲ. ತಾರಸಿಯಲ್ಲಿ ತಾಡಪತ್ರಿ ಹಾಸಿ ಒಂದೇ ಪದರವಾಗಿ ಹರವಿ, ದಿನಕ್ಕೊಮ್ಮೆ ಕೈಯಾಡಿಸಿ. ನೆಲದ ಮೇಲೆ ಹರವಿದರೆ ರಾತ್ರಿಯ ತೇವಕ್ಕೇ ಕರಕಿ ಮತ್ತೆ ಬೇರೂರುತ್ತದೆ. ಕರಕಿಗೆ ಒಂದು ವಾರದಿಂದ ಹತ್ತು ದಿನದ ಬಿಸಿಲು. ಬಗ್ಗಿಸಿದರೆ ಕಡ್ಡಿಯಂತೆ ಪಟ್ಟನೆ ಮುರಿಯಬೇಕು. ಜೇಕಿಗೆ ಮೂರು ವಾರವಾದರೂ ಕೊಡಿ. ನಾಲ್ಕೈದು ದೊಡ್ಡ ಗಡ್ಡೆ ಆರಿಸಿ ಬ್ಲೇಡಿನಿಂದ ಸೀಳಿ ನೋಡಿ: ಒಳಗೆ ಬೆಳ್ಳಗೆ, ಹಸಿಯಾಗಿ, ಉಗುರು ಒತ್ತಿದರೆ ಇಳಿಯುವಂತಿದ್ದರೆ ಜೀವ ಇದೆ. ಘಮ ನಂಬಬೇಡಿ, ಸತ್ತ ಗಡ್ಡೆಗೂ ಅದೇ ಘಮ. ಅಂಗಡಿಯಲ್ಲಿ ನಾಗರಮೋಥಾ ಎಂಬ ಹೆಸರಿನಲ್ಲಿ ಇದನ್ನೂ ಮಾರುತ್ತಾರೆ. ಸಂದೇಹವಿದ್ದರೆ ಹತ್ತು ಗಡ್ಡೆಯನ್ನು ಒದ್ದೆ ಮಣ್ಣಿನ ಕುಂಡದಲ್ಲಿಟ್ಟು ಮೂರು ವಾರ ಕಾಯಿರಿ. ಒಂದೂ ಮೊಳೆಯದಿದ್ದರೆ ಮಾತ್ರ ರಾಶಿ ಗೊಬ್ಬರಕ್ಕೆ.

ಮಳೆಗಾಲದಲ್ಲಿ ಒಣಗಿಸುವ ಮಾತೇ ಇಲ್ಲ. ಕರಕಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಮುಚ್ಚಳ ಬಿಗಿದು ಆರೇಳು ವಾರ ಕೊಳೆಸಿ. ಮುಚ್ಚಳ ಸಡಿಲಾದರೆ ಡೆಂಗಿ ಸೊಳ್ಳೆಗೆ ಮನೆ ಮಾಡಿಕೊಟ್ಟ ಹಾಗೆ. ಜೇಕಿಗೆ ಈ ಉಪಾಯ ನೆಚ್ಚಬೇಡಿ, ಅದು ನೀರಿನಡಿಯೂ ತಿಂಗಳುಗಟ್ಟಲೆ ತಾಳುತ್ತದೆ. ಸ್ವಲ್ಪವೇ ಇದ್ದರೆ ಹಳೆಯ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ. ಹೆಚ್ಚಿದ್ದರೆ ಚೀಲ ಕಟ್ಟಿ ಒಣ ಜಾಗದಲ್ಲಿಟ್ಟು ಬೇಸಿಗೆಗೆ ಹರವಿ. ಸುಡುವುದು ಬೇಡ: ಹಸಿ ಬೇರು ಬರೀ ಹೊಗೆಯಾಡುತ್ತದೆ, ಒಳಗಿನ ಗಡ್ಡೆ ಬದುಕಿರುತ್ತದೆ.

ಒಂದು ಸಲದ ಅಗೆತಕ್ಕೆ ಜೇಕು ಮುಗಿಯುವುದಿಲ್ಲ. ಚಿಗುರಿದ ಗಿಡ ಕೆಲವೇ ವಾರದಲ್ಲಿ ಹೊಸ ಗಡ್ಡೆ ಕಟ್ಟುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ ಕುರ್ಪಿ ಹಿಡಿದು ಕೂರಲೇಬೇಕು. ಪ್ಲಾಸ್ಟಿಕ್ ಹೊದಿಕೆಯನ್ನು ಅದರ ಮೊನಚು ಚಿಗುರು ತೂರಿ ಬರುತ್ತದೆ. ನರ್ಸರಿಯ ಪೊಯ್ಟಾ ಅಂದರೆ ಮೆಕ್ಕಲು ಮಣ್ಣು, ಸಗಣಿ ಗೊಬ್ಬರ ಎರಡನ್ನೂ ಜರಡಿ ಹಿಡಿದೇ ಮಡಿಗೆ ಹಾಕಿ. ಹೊರಗಿನಿಂದ ಗಡ್ಡೆ ಬರುವ ದಾರಿ ಅದೇ.

ಗಣಪತಿಗೆ ದೂರ್ವೆ ಬೇಕೆಂದು ಮಡಿಯಂಚಿನಲ್ಲಿ ಕರಕಿ ಉಳಿಸಿಕೊಳ್ಳುವವರು ಅದನ್ನು ಕುಂಡಕ್ಕೆ ಹಾಕಿ, ಕುಂಡವನ್ನು ಫರಸಿಯ ಮೇಲಿಡಿ. ಮಣ್ಣಿನ ಮೇಲಿಟ್ಟರೆ ತಳದ ತೂತಿನಿಂದಲೇ ಬೇರು ಇಳಿಯುತ್ತದೆ.